ಅಜ್ಜನ ಸೈಕಲ್ಲಿಗೆ ಬಿಲ್ಲಿರಲಿಲ್ಲ

ಹೋದ ದೀಪಾವಳಿಗೆ ದಾಂಡೇಲಿಗೆ ಹೋಗಿದ್ದಾಗ ಅಟ್ಟದ ಮೇಲೆ ಅಜ್ಜನ ಸೈಕಲ್ಲಿನ ಮುಂದಿನ ಫೋರ್ಕು ಸಿಕ್ಕಿತು. ಹೌದು, ಬರೀ ಫೋರ್ಕು. ಉಳಿದದ್ದೆಲ್ಲ ಯಾವತ್ತೋ ಗುಜರಿಗೆ ಹೋಗಿದೆ. ಅದರ ಒಂದು ಕಾಲಿನ ಮೇಲೆ ದಪ್ಪನೆಯ ಗಂಟು, ಬೆಸುಗೆ ಹಾಕಿದ ಜಾಗ. ಆ ಗಂಟಿನ ಕತೆಯನ್ನು ಚಿಕ್ಕಂದಿನಿಂದ ಕೇಳಿಕೊಂಡೇ ಬೆಳೆದವನು ನಾನು. ಈ ಸಲ ಅದನ್ನು ಕೈಯಲ್ಲಿ ಹಿಡಿದಾಗ ಮಾತ್ರ ಬೇರೆ ಒಂದು ಪ್ರಶ್ನೆ ಬಂತು. ಅಜ್ಜ ಯಾಕೆ ಸುಮ್ಮನಾದ?

ಅಜ್ಜ ಕಾಗದದ ಕಾರ್ಖಾನೆಯ ಕೆಲಸಕ್ಕೆಂದು ದಾಂಡೇಲಿಗೆ ಬಂದವನು. ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆಯಾಗಿದ್ದು 1955ರಲ್ಲಿ, ಕಾಗದ ಹೊರಬರಲು ಶುರುವಾಗಿದ್ದು 1959ರಲ್ಲಿ. ಶಿಫ್ಟು ಬಿಡುವ ಹೊತ್ತಿಗೆ ರಸ್ತೆ ತುಂಬ ಸೈಕಲ್ಲುಗಳೇ ಅಂತ ಅಜ್ಜ ಹೇಳುತ್ತಿದ್ದ. ಅವನು ತನ್ನ ಸೈಕಲ್ಲು ಕೊಂಡಿದ್ದು 1978ರಲ್ಲಿ, ಹೆಚ್ಚುಕಮ್ಮಿ ಒಂದು ತಿಂಗಳ ಪಗಾರ ಕೊಟ್ಟು. ಐದನೇ ತಿಂಗಳು, ರಾತ್ರಿ ಪಾಳಿಗೆ ಹೋಗುವಾಗ ಫೋರ್ಕು ಬಿರುಕು ಬಿಟ್ಟು ಬಾಗಿತು. ಅಜ್ಜ ಮುಖ ಅಡಿಯಾಗಿ ಬಿದ್ದ. ಎರಡು ಹಲ್ಲು ಹೋದವು, ಹನ್ನೆರಡು ದಿನದ ಪಗಾರವೂ ಹೋಯಿತು.

ಮಾರಿದ ಅಂಗಡಿಗೆ ಹೋದರೆ, "ಕಂಪನಿ ಮಾಲು ಯಜಮಾನ್ರ, ನಾವೇನು ಮಾಡೂದು?" ಅಂದರಂತೆ. ಕಂಪನಿ ಇದ್ದದ್ದು ಎಲ್ಲೋ ಉತ್ತರ ಭಾರತದಲ್ಲಿ. ಬಿಲ್ಲು ಇಲ್ಲವೇ ಇಲ್ಲ, ಕೇಳುವ ರೂಢಿಯೂ ಇರಲಿಲ್ಲ. ಕೊನೆಗೆ ಅಜ್ಜ ಬೆಸುಗೆ ಹಾಕಿಸಿಕೊಂಡು ಅದೇ ಸೈಕಲ್ಲಿನಲ್ಲಿ ಇನ್ನೂ ಇಪ್ಪತ್ತು ವರ್ಷ ಡ್ಯೂಟಿಗೆ ಹೋದ.

ಆಗ ಕಾನೂನೇ ಇರಲಿಲ್ಲವಾ? ಇತ್ತು. 1930ರ ಸರಕು ಮಾರಾಟ ಕಾಯ್ದೆ. ಅದರ 16ನೇ ಕಲಮು ಶುರುವಾಗುವುದೇ ಕೊಳ್ಳುವವನೇ ಎಚ್ಚರವಾಗಿರಬೇಕು ಅನ್ನುವ ಹಳೆಯ ತತ್ವದಿಂದ. ಆಮೇಲೆ ಕೆಲವು ವಿನಾಯಿತಿಗಳು. ಇಂಥ ಕೆಲಸಕ್ಕೆ ಬೇಕು ಅಂತ ಹೇಳಿ ಕೊಂಡಿದ್ದರೆ ಮಾಲು ಆ ಕೆಲಸಕ್ಕೆ ತಕ್ಕುದಾಗಿರಬೇಕು. ಆದರೆ ಹೆಸರು ಹಿಡಿದು 'ಇಂಥ ಕಂಪನಿಯದೇ ಕೊಡಿ' ಅಂತ ಕೇಳಿದ್ದರೆ ಆ ರಕ್ಷಣೆ ಇಲ್ಲ! ಸೈಕಲ್ಲನ್ನು ಹೆಸರು ಹೇಳದೆ ಕೊಳ್ಳುವವರು ಯಾರಿದ್ದಾರೆ? ಮಾಲು ಮಾರಾಟಯೋಗ್ಯ ಗುಣಮಟ್ಟದ್ದಾಗಿರಬೇಕು ಅನ್ನುವ ಮಾತು ಉಳಿಯುತ್ತದೆ, ಸರಿ. ಅದನ್ನು ಸಾಧಿಸಲು ಸಿವಿಲ್ ಕೋರ್ಟು, ವಕೀಲರು, ಕೋರ್ಟ್ ಫೀ. ಒಂದು ಫೋರ್ಕಿಗಾಗಿ ಯಾರು ಹೋಗುತ್ತಾರೆ?

ಇನ್ನೊಂದು ತಮಾಷೆ ನೋಡಿ. ನಮ್ಮ ರಾಜ್ಯದ ಎಷ್ಟೋ ಊರುಗಳಲ್ಲಿ ಆ ಕಾಲಕ್ಕೆ ಸೈಕಲ್ಲಿಗೂ ತೆರಿಗೆ ಇತ್ತು. ದುಡ್ಡು ಕಟ್ಟಿದರೆ ತಗಡಿನ ಬಿಲ್ಲೆ. ಬಿಲ್ಲೆ ಇಲ್ಲದಿದ್ದರೆ ಸೈಕಲ್ಲು ಹಿಡಿಯುತ್ತಿದ್ದರು. ಅಂದರೆ ಸೈಕಲ್ಲಿನವನಿಂದ ವಸೂಲಿ ಮಾಡಲು ವ್ಯವಸ್ಥೆ ಇತ್ತು, ಅವನಿಗೆ ಮೋಸವಾದರೆ ಕೇಳಲು ಇರಲಿಲ್ಲ.

ಹಾಗಿದ್ದರೂ ಜನ ಹೇಗೋ ನಿಭಾಯಿಸಿದರು. ಯಾಕೆಂದರೆ ಆ ಸೈಕಲ್ಲು ಅಷ್ಟು ಸರಳ. ಸ್ವಾತಂತ್ರ್ಯಕ್ಕೆ ಮುಂಚೆ ಹೆಚ್ಚಾಗಿ ಇಂಗ್ಲೆಂಡಿನಿಂದ ಬರುತ್ತಿದ್ದ ಸೈಕಲ್ಲು ಆಮೇಲೆ ಇಲ್ಲೇ ತಯಾರಾಗತೊಡಗಿತು. ಮದ್ರಾಸಿನ ಟಿಐ ಸೈಕಲ್ಸ್ 1949ರಲ್ಲಿ, ಸೋನಿಪತ್ತಿನ ಅಟ್ಲಾಸ್ 1951ರಲ್ಲಿ, ಲೂಧಿಯಾನದ ಹೀರೋ 1956ರಲ್ಲಿ. ಹೆಸರು ಬೇರೆಯಾದರೂ ದೊಡ್ಡ ಕರಿ ಸೈಕಲ್ಲಿನ ಅಳತೆಗಳು ಬಹುಮಟ್ಟಿಗೆ ಒಂದೇ. ಮುಂದೆ ಸಾಮಾನ್ಯವಾಗಿ 44 ಹಲ್ಲಿನ ಚಕ್ರ, ಹಿಂದೆ 18 ಹಲ್ಲಿನ ಫ್ರೀವೀಲು. ಪೆಡಲು ಒಂದು ಸುತ್ತು ತುಳಿದರೆ ಸುಮಾರು 5.4 ಮೀಟರು ಮುಂದೆ. ಏರು ಬಂದರೆ ಇಳಿದು ತಳ್ಳಬೇಕು, ಅಷ್ಟೇ! ಒಂದು ಕಂಪನಿಯ ಫ್ರೀವೀಲು ಇನ್ನೊಂದಕ್ಕೆ ಕೂರುತ್ತಿತ್ತು. ಸ್ಪ್ಯಾನರು, ಸುತ್ತಿಗೆ ಇದ್ದರೆ ಯಾವ ಅಂಗಡಿಯವನೂ ರಿಪೇರಿ ಮಾಡುತ್ತಿದ್ದ. ಆಗಿನ ಗ್ರಾಹಕನಿಗಿದ್ದ ನಿಜವಾದ ವಾರಂಟಿ ಅಂದರೆ ಓಣಿಯ ಸೈಕಲ್ ಶಾಪು.

ಗೇರು ಬಂದ ಮೇಲೆ ಈ ಲೆಕ್ಕ ತಪ್ಪಿತು. ಗೇರೇನು ಹೊಸದಲ್ಲ. ಇಂಗ್ಲೆಂಡಿನ ಸ್ಟರ್ಮಿ ಆರ್ಚರ್ ಮೂರು ಗೇರಿನ ಹಬ್ಬು 20ನೇ ಶತಮಾನದ ಮೊದಲ ವರ್ಷಗಳದ್ದು. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರನ್ನು ಟೂರ್ ಡಿ ಫ್ರಾನ್ಸ್ ರೇಸಿನಲ್ಲಿ 1937ರವರೆಗೂ ಬಿಟ್ಟುಕೊಂಡಿರಲಿಲ್ಲ. ಆದರೆ ನಮ್ಮ ಕಡೆಯ ಮನೆಗಳಿಗೆ ಗೇರು ಬಂದಿದ್ದು ತೀರಾ ಈಚೆಗೆ. ಲಾಭ ದೊಡ್ಡದೇ. ಮುಂದೆ 24 ಹಲ್ಲು, ಹಿಂದೆ 28 ಹಲ್ಲು ಹಾಕಿಕೊಂಡರೆ ಒಂದು ಸುತ್ತಿಗೆ ಸುಮಾರು 1.8 ಮೀಟರು ಮಾತ್ರ. ಗಣೇಶಗುಡಿಯ ಏರನ್ನು ಕೂತೇ ಹತ್ತಬಹುದು. ಆದರೆ ಆ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಅನ್ನುವ ಪುಟ್ಟ ತುಂಡು ಇದೆಯಲ್ಲ, ಅದು ಮಾಡೆಲ್ಲಿಗೊಂದು ಆಕಾರ. ಒಂದರದ್ದು ಇನ್ನೊಂದಕ್ಕೆ ಕೂರುವ ಭರವಸೆ ಇಲ್ಲ. ಓಣಿಯ ಶಾಪಿನ ವಾರಂಟಿ ಅಲ್ಲಿಗೆ ಮುಗಿಯಿತು.

ಈ ನಡುವೆ ಕಾನೂನು ಎಲ್ಲಿಗೆ ಬಂತು? 1962ರ ಮಾರ್ಚ್ 15ರಂದು ಅಮೆರಿಕದ ಅಧ್ಯಕ್ಷ ಕೆನಡಿ ಅಲ್ಲಿನ ಸಂಸತ್ತಿಗೆ ಗ್ರಾಹಕರ ಹಕ್ಕುಗಳ ಬಗ್ಗೆ ಸಂದೇಶ ಕಳಿಸಿದರು. 1985ರಲ್ಲಿ ವಿಶ್ವಸಂಸ್ಥೆ ಮಾರ್ಗಸೂಚಿ ಹೊರಡಿಸಿತು. ನಮ್ಮ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1986ರ ಡಿಸೆಂಬರ್ 24ರಂದು. ಜಿಲ್ಲೆಗೊಂದು ವೇದಿಕೆ, ವಕೀಲರಿಲ್ಲದೆಯೂ ದೂರು ಕೊಡಬಹುದು. ದೋಷ ಸರಿಮಾಡಿಸು, ಬದಲಿ ಕೊಡು, ಹಣ ಮರಳಿಸು, ಪರಿಹಾರ ಕೊಡು ಅಂತ ಆದೇಶಿಸುವ ಅಧಿಕಾರ ಅದಕ್ಕೆ. ಅಜ್ಜನಿಗೆ ಎಂಟು ವರ್ಷ ತಡವಾಗಿತ್ತು.

ತಡವಾಗದಿದ್ದರೂ ದಾರಿ ಸುಲಭವಿರಲಿಲ್ಲ. ಆ ಕಾಯ್ದೆಯಲ್ಲಿ ದೂರು ಕೊಡಬೇಕಿದ್ದದ್ದು ಮಾರಿದವನು ಇರುವಲ್ಲಿ ಅಥವಾ ವ್ಯವಹಾರ ನಡೆದಲ್ಲಿ. ಹುಬ್ಬಳ್ಳಿ ಧಾರವಾಡದಲ್ಲಿ ಕೊಂಡಿದ್ದರೆ ಧಾರವಾಡ ಜಿಲ್ಲೆಗೆ ಓಡಬೇಕು. ದಾಂಡೇಲಿಯಲ್ಲೇ ಕೊಂಡಿದ್ದರೆ ಕಾರವಾರಕ್ಕೆ, ಜೋಯಿಡಾ ದಾಟಿ ಕಾಡು ಘಟ್ಟ ಇಳಿದು ಸುಮಾರು ನೂರು ಕಿಲೋಮೀಟರು. ಪ್ರತಿ ವಾಯಿದೆಗೂ ಒಂದು ರಜೆ.

ಇಲ್ಲಿ ಸರ್ಕಾರಿ ಸೈಕಲ್ಲಿನ ನೆನಪೂ ಬರುತ್ತದೆ. 2006-07ರಲ್ಲಿ ಬಡ ಕುಟುಂಬದ ಹೆಣ್ಣುಮಕ್ಕಳಿಗೆ ಅಂತ ಶುರುವಾದ ಉಚಿತ ಸೈಕಲ್ ಯೋಜನೆ ಆಮೇಲೆ ಎಂಟನೇ ತರಗತಿಯ ಹುಡುಗರಿಗೂ ಬಂತು. ನನಗೂ ಸಿಕ್ಕಿತ್ತು, ಚೆನ್ನಾಗೇ ಓಡಿತು. ಆದರೆ ಗುಣಮಟ್ಟದ ದೂರುಗಳು ಹಲವು ವರ್ಷ ಪತ್ರಿಕೆಗಳಲ್ಲಿ ಬರುತ್ತಿದ್ದವು. ದುಡ್ಡು ಕೊಡದ ಹುಡುಗಿ ಗ್ರಾಹಕಳೋ ಅಲ್ಲವೋ? ಕಾಯ್ದೆಯ ವ್ಯಾಖ್ಯೆ ಓದಿ ನೋಡಿ. ಕೊಂಡವರು ಮಾತ್ರವಲ್ಲ, ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಗ್ರಾಹಕರೇ ಅಂತ ಅದರಲ್ಲಿದೆ. ವಾದ ಮಾಡುವುದಕ್ಕಂತೂ ಜಾಗ ಇದೆ. ಆದರೆ ಬಿಲ್ಲು ಅವಳ ಕೈಯಲ್ಲಿ ಇರುವುದಿಲ್ಲ.

ಈಗ ನನ್ನ ಕತೆ. 2021ರಲ್ಲಿ ವರ್ಕ್ ಫ್ರಮ್ ಹೋಮ್ ಅಂತ ಊರಲ್ಲಿದ್ದಾಗ ಆನ್‌ಲೈನಿನಲ್ಲಿ ಗೇರು ಸೈಕಲ್ಲು ತರಿಸಿದೆ. ಹ್ಯಾಂಡಲ್ಲು, ಪೆಡಲ್ಲು, ಮುಂದಿನ ಚಕ್ರ ಮಾತ್ರ ನಾವು ಜೋಡಿಸಬೇಕು, ಗೇರು ಸರಿಮಾಡಿಯೇ ಕಳಿಸಿದ್ದೇವೆ ಅಂದಿದ್ದರು. ಹನ್ನೊಂದನೇ ದಿನ ಕುಳಗಿ ರಸ್ತೆಯಲ್ಲಿ ಏರಿಗೆ ಅಂತ ಹಗುರ ಗೇರಿಗೆ ಹಾಕಿದೆ. ಡಿರೇಲರು ನೇರ ಹಿಂದಿನ ಚಕ್ರದ ಕಡ್ಡಿಯೊಳಗೆ ಹೋಯಿತು. ಹ್ಯಾಂಗರು ಮುರಿದು, ನಾಲ್ಕು ಕಡ್ಡಿ ತುಂಡು. ಏರಾಗಿದ್ದರಿಂದ ನಾನು ಬೀಳಲಿಲ್ಲ. ಡಿರೇಲರಿನ ಮೇಲೆ ಎಚ್, ಎಲ್ ಅಂತ ಎರಡು ಪುಟ್ಟ ಸ್ಕ್ರೂಗಳಿರುತ್ತವೆ, ನೋಡಿರಬಹುದು. ಎಲ್ ಸ್ಕ್ರೂ ಸರಿ ಇದ್ದರೆ ಅದು ದೊಡ್ಡ ಹಲ್ಲುಚಕ್ರ ದಾಟಿ ಒಳಗೆ ಹೋಗುವುದಿಲ್ಲ. ನನ್ನದರಲ್ಲಿ ಅದು ಪೂರ್ತಿ ಸಡಿಲ ಇತ್ತು.

ತಳ್ಳಿಕೊಂಡು ಅಜ್ಜನ ಕಾಲದ ಶಾಪಿಗೆ ಹೋದೆ. ಕಾಕಾ ಬಗ್ಗಿ ನೋಡಿದವರು ಕೈ ಹಚ್ಚಲಿಲ್ಲ.

"ತಮ್ಮಾ, ಬಿಲ್ ಐತೇನು?"

"ಐತಿ ಕಾಕಾ, ಮೊಬೈಲ್‌ನ್ಯಾಗ ಐತಿ."

"ಹಂಗಾದ್ರ ಮೊದಲ ಫೋಟೋ ಹೊಡ್ಕೊಂಡು ಅವರಿಗೆ ಕಳಸು. ನಾ ಬಿಚ್ಚಿದೆ ಅಂದ್ರ ನಿಮ್ಮ ಊರಾಗ ಯಾರೋ ಕೆಡಿಸ್ಯಾರ ಅಂತಾರ."

ಯಾವ ವಕೀಲರೂ ಇದಕ್ಕಿಂತ ಒಳ್ಳೆಯ ಸಲಹೆ ಕೊಡುತ್ತಿರಲಿಲ್ಲ. ಮಾರಿದವರು ಮೊದಲು ನೀವೇ ತಪ್ಪಾಗಿ ಬಳಸಿದ್ದೀರಿ ಅಂದರು. ನಾನು ಫೋಟೋ ಇಟ್ಟುಕೊಂಡು ಹೊಸ ಕಾಯ್ದೆ ಓದಲು ಕೂತೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಜಾರಿಗೆ ಬಂದಿದ್ದು 2020ರ ಜುಲೈ 20ರಿಂದ. ಬೇರೆಯವರ ಬಿಡಿಭಾಗ ತಂದು ಜೋಡಿಸುವವರನ್ನೂ ಅದು ತಯಾರಕರು ಅನ್ನುತ್ತದೆ. ಜೋಡಣೆ, ತಪಾಸಣೆಯಲ್ಲಿ ಸರಿಯಾದ ಎಚ್ಚರ ವಹಿಸದೆ ಹಾನಿಯಾದರೆ ಮಾರಿದವರೂ ಹೊಣೆ. ದೋಷದ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಹೇಳದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಳ್ಳಲು ಒಪ್ಪದಿರುವುದೂ ಬಿಲ್ಲು ಕೊಡದಿರುವುದೂ ಅನುಚಿತ ವ್ಯಾಪಾರ ಪದ್ಧತಿ. 'ಒಮ್ಮೆ ಮಾರಿದ ಮಾಲು ವಾಪಸ್ ಇಲ್ಲ' ಅನ್ನುವ ಬೋರ್ಡಿಗೆ ಇದೇ ಉತ್ತರ. ಎಲ್ಲಕ್ಕಿಂತ ಮುಖ್ಯ, ಈಗ ದೂರುದಾರ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷದವರೆಗಿನ ಮಾಲಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಕೊಡಬೇಕು. ಮನೆಯಿಂದಲೇ ದೂರು ಸಲ್ಲಿಸಲು 2025ರಿಂದ ಇ-ಜಾಗೃತಿ ಇದೆ.

ನನಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ (ಈಗಿನ ನಂಬರು 1915) ದೂರು ಹಾಕಿದೆ. ಮೂರು ವಾರದ ಮೇಲೆ ಹೊಸ ಡಿರೇಲರು, ಹ್ಯಾಂಗರು, ಕಡ್ಡಿಗಳು ಬಂದವು. ಕೂಲಿ ದುಡ್ಡು ಬರಲಿಲ್ಲ. ಹಾಕಿಕೊಟ್ಟಿದ್ದು ಕಾಕಾನೇ. ಎಲ್ ಸ್ಕ್ರೂ ಎಷ್ಟು ತಿರುಗಿಸಬೇಕು ಅಂತ ಯೂಟ್ಯೂಬಿನಲ್ಲಿ ನಾನು ತೋರಿಸಿದೆ, ಚಕ್ರದ ಔಟು ತೆಗೆಯುವುದನ್ನು ಅವರು ನನಗೆ ಕಲಿಸಿದರು.

ಅಜ್ಜನಿಗಿಂತ ನಾನು ಜಾಣ ಅಂತ ಇದರ ಅರ್ಥ ಅಲ್ಲ. ಅವನಿಗೆ ಎರಡು ಹಲ್ಲು ಹೋದರೂ ಕೇಳುವ ಜಾಗ ಇರಲಿಲ್ಲ, ನನಗೆ ನಾಲ್ಕು ಕಡ್ಡಿಗೇ ಇತ್ತು. ನಡುವಿನ ನಲವತ್ತಮೂರು ವರ್ಷದಲ್ಲಿ ಸೈಕಲ್ಲು ನಮ್ಮ ಓಣಿಯಿಂದ ದೂರ ಹೋಯಿತು, ಕಾನೂನು ಹತ್ತಿರ ಬಂತು. ಎರಡರ ನಡುವೆ ಇರುವುದು ಒಂದು ಚೀಟಿ. ಸೈಕಲ್ಲು ಕೊಂಡರೆ ಬಿಲ್ಲು ಕೇಳಿ, ಅದರಲ್ಲಿ ಫ್ರೇಮ್ ನಂಬರು ಬರೆಸಿ, ಅಂಗಡಿಯಲ್ಲೇ ಎಲ್ಲ ಗೇರನ್ನೂ ಒಂದು ಸಲ ಹಾಕಿ ನೋಡಿ.

ಫೋರ್ಕನ್ನು ಗುಜರಿಗೆ ಹಾಕೋಣ ಅಂದಳು ಅಮ್ಮ. ಬೇಡ ಅಂದೆ. ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದು ಏನಾದರೂ ಇದ್ದರೆ ಹೇಳಿ, ಕತೆ ಕೇಳೋಣ.