ಶ್ರವಣ ಸಾಧನ ಧರಿಸಿದ ಮಕ್ಕಳ ಮಾತಿನ ಗ್ರಹಿಕೆ: ಪರೀಕ್ಷೆ ಹೇಗೆ, ಯಾವ ಭಾಷೆಯಲ್ಲಿ?

ಹುಟ್ಟಿನಿಂದಲೇ ಕಿವಿ ಕೇಳಿಸದ ಅಥವಾ ಅಲ್ಪವಾಗಿ ಮಾತ್ರ ಕೇಳಿಸುವ ಮಗುವಿಗೆ ಶ್ರವಣಯಂತ್ರ ತೊಡಿಸಿದೊಡನೆ, ಇಲ್ಲವೆ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆ ಮುಗಿದೊಡನೆ, ಸಮಸ್ಯೆ ಬಗೆಹರಿಯಿತೆಂಬ ಭಾವನೆ ಹಲವು ಕುಟುಂಬಗಳಲ್ಲಿದೆ. ವಾಸ್ತವದಲ್ಲಿ ಅದು ಆರಂಭ ಮಾತ್ರ. ಶ್ರವಣಯಂತ್ರವು ಶಬ್ದವನ್ನು ವರ್ಧಿಸಿ ಕಿವಿಗೆ ತಲುಪಿಸುತ್ತದೆ. ಕಾಕ್ಲಿಯರ್ ಇಂಪ್ಲಾಂಟ್ ಶಬ್ದವನ್ನು ವಿದ್ಯುತ್ ಸಂಕೇತಗಳನ್ನಾಗಿ ಪರಿವರ್ತಿಸಿ, ಒಳಕಿವಿಯಲ್ಲಿ ಅಳವಡಿಸಿದ ವಿದ್ಯುದ್ವಾರಗಳ ಮೂಲಕ ಶ್ರವಣ ನರವನ್ನು ಪ್ರಚೋದಿಸುತ್ತದೆ. ಎರಡೂ ಮಗುವಿಗೆ ಶಬ್ದವನ್ನು ಒದಗಿಸುತ್ತವೆಯೇ ಹೊರತು ಅರ್ಥವನ್ನಲ್ಲ. ಆ ಶಬ್ದದಿಂದ ಮಗು ಎಷ್ಟು ಮಾತನ್ನು ಗ್ರಹಿಸುತ್ತಿದೆ ಎಂಬುದನ್ನು ತಿಳಿಯಲು ಪ್ರತ್ಯೇಕ ಪರೀಕ್ಷೆಗಳಿವೆ. ಈ ಪರೀಕ್ಷೆಗಳ ಸ್ವರೂಪವೇನು, ಅವುಗಳ ಅಂಕಗಳನ್ನು ಹೇಗೆ ಅರ್ಥಮಾಡಿಕೊಳ್ಳಬೇಕು, ಹೊರನಾಡಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಯಾವ ಅಂಶಕ್ಕೆ ವಿಶೇಷ ಗಮನ ಕೊಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕೇಳಿಸುವುದು ಮತ್ತು ತಿಳಿಯುವುದು

ಸಾಧನ ಧರಿಸಿದ ಮಗುವಿಗೆ ಎಷ್ಟು ಮೆಲುವಾದ ಶಬ್ದ ಕೇಳಿಸುತ್ತದೆ ಎಂಬುದನ್ನು ಆಡಿಯೋಗ್ರಾಮ್ ತೋರಿಸುತ್ತದೆ. ಆದರೆ ಒಂದೇ ಬಗೆಯ ಆಡಿಯೋಗ್ರಾಮ್ ಇರುವ ಇಬ್ಬರು ಮಕ್ಕಳಲ್ಲಿ ಒಬ್ಬರು ಮಾತನ್ನು ಸರಾಗವಾಗಿ ಗ್ರಹಿಸಬಹುದು, ಇನ್ನೊಬ್ಬರು ತಡವರಿಸಬಹುದು. ಈ ಅಂತರವನ್ನು ವಿವರಿಸಲು ಶ್ರವಣತಜ್ಞ ನಾರ್ಮನ್ ಅರ್ಬರ್ ಅವರು ಗ್ರಹಿಕೆಯನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದರು. ಇಂದಿಗೂ ಪರೀಕ್ಷೆ ಮತ್ತು ತರಬೇತಿಗಳೆರಡಕ್ಕೂ ಅದೇ ಆಧಾರವಾಗಿದೆ.

ಮೊದಲನೆಯದು ಶಬ್ದವಿದೆಯೋ ಇಲ್ಲವೋ ಎಂಬುದನ್ನು ಅರಿಯುವುದು. ಎರಡನೆಯದು ಎರಡು ಶಬ್ದಗಳು ಒಂದೇ ಅಥವಾ ಬೇರೆಯೇ ಎಂದು ಭೇದ ಗುರುತಿಸುವುದು. ‘ಕತೆ’ ಮತ್ತು ‘ಕತ್ತೆ’ ಬೇರೆ ಬೇರೆ ಎಂದು ತಿಳಿಯುವುದು ಇದಕ್ಕೆ ಉದಾಹರಣೆ. ಮೂರನೆಯದು ಕೇಳಿದ ಪದ ಯಾವುದೆಂದು ಗುರುತಿಸಿ ಚಿತ್ರವನ್ನು ತೋರಿಸುವುದು ಅಥವಾ ಪದವನ್ನು ಮರಳಿ ಹೇಳುವುದು. ನಾಲ್ಕನೆಯದು ಅರ್ಥಗ್ರಹಣ. ‘ಬಾಗಿಲ ಬಳಿ ಯಾರಿದ್ದಾರೆ ನೋಡು’ ಎಂದಾಗ ಮಗು ಆ ವಾಕ್ಯವನ್ನು ಮರಳಿ ಹೇಳಿದರೆ ಅದು ಮೂರನೆಯ ಹಂತ. ಎದ್ದು ಹೋಗಿ ನೋಡಿದರೆ ನಾಲ್ಕನೆಯದು. ಪರೀಕ್ಷೆಯ ವರದಿಯನ್ನು ಓದುವಾಗ ಅಲ್ಲಿ ಯಾವ ಹಂತವನ್ನು ಅಳೆಯಲಾಗಿದೆ ಎಂಬುದನ್ನು ಮೊದಲು ಕೇಳಿ ತಿಳಿಯಬೇಕು.

ಪರೀಕ್ಷೆಗಳು ಬೆಳೆದುಬಂದ ಬಗೆ

ಮಾತಿನ ಪದಗಳನ್ನೇ ಬಳಸಿ ಶ್ರವಣವನ್ನು ಅಳೆಯುವ ಕ್ರಮವು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ವ್ಯವಸ್ಥಿತ ರೂಪ ಪಡೆಯಿತು. ಯುದ್ಧದಲ್ಲಿ ಶ್ರವಣಶಕ್ತಿ ಕಳೆದುಕೊಂಡ ಸೈನಿಕರಿಗೆ ಸೂಕ್ತ ಶ್ರವಣಯಂತ್ರವನ್ನು ಆರಿಸಲು ರೇಮಂಡ್ ಕಾರ್ಹಾರ್ಟ್ ಅವರು ಪದಪಟ್ಟಿಗಳನ್ನು ಬಳಸಿದರು. ವಯಸ್ಕರ ಪದಗಳು ಮಕ್ಕಳಿಗೆ ಹೊಂದುವುದಿಲ್ಲವಾದ್ದರಿಂದ 1949ರಲ್ಲಿ ಶಿಶುವಿಹಾರದ ಮಕ್ಕಳ ಶಬ್ದಸಂಪತ್ತಿಗೆ ತಕ್ಕ ಪಟ್ಟಿಗಳು ರೂಪುಗೊಂಡವು. 1970ರಲ್ಲಿ ರಾಸ್ ಮತ್ತು ಲರ್ಮನ್ ಅವರ ಚಿತ್ರಪರೀಕ್ಷೆ ಬಂದಿತು. ಇದರಲ್ಲಿ ಮಗು ಮಾತನಾಡಬೇಕಾಗಿಲ್ಲ. ಕೇಳಿದ ಪದದ ಚಿತ್ರವನ್ನು ಬೆರಳಿಟ್ಟು ತೋರಿಸಿದರೆ ಸಾಕು. 1979ರಲ್ಲಿ ಬ್ರಿಟನ್ನಿನಲ್ಲಿ ಸಿದ್ಧವಾದ ಬೆಂಚ್, ಕೋವಲ್ ಮತ್ತು ಬ್ಯಾಮ್‌ಫರ್ಡ್ ವಾಕ್ಯಗಳನ್ನು ಶ್ರವಣದೋಷವುಳ್ಳ ಮಕ್ಕಳೇ ಆಡುತ್ತಿದ್ದ ಮಾತಿನ ಆಧಾರದ ಮೇಲೆ ರಚಿಸಲಾಯಿತು. 1990ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2 ವರ್ಷ ಮೇಲ್ಪಟ್ಟ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಅಳವಡಿಸಲು ಅನುಮತಿ ನೀಡಿತು. ಆ ಬಳಿಕ ಇನ್ನೂ ಚಿಕ್ಕ ಮಕ್ಕಳಿಗೆ ಒಗ್ಗುವ ಪರೀಕ್ಷೆಗಳ ಅಗತ್ಯ ಹೆಚ್ಚಿತು.

ಈ ಎಲ್ಲ ಬೆಳವಣಿಗೆಯ ಹಿಂದೆ ಒಂದೇ ತತ್ತ್ವವಿದೆ: ಮಗುವಿಗೆ ಗೊತ್ತಿಲ್ಲದ ಪದದಿಂದ ಮಗುವಿನ ಕಿವಿಯನ್ನು ಅಳೆಯಲಾಗದು.

ವಯಸ್ಸಿಗೆ ತಕ್ಕ ಪರೀಕ್ಷೆ

ಎರಡು ವರ್ಷದೊಳಗಿನ ಮಗುವಿನಿಂದ ಪದಗಳನ್ನು ಹೇಳಿಸುವುದು ಅಸಾಧ್ಯ. ಆದುದರಿಂದ ತಂದೆತಾಯಿಯರನ್ನೇ ಪ್ರಶ್ನಿಸುವ ಕ್ರಮವಿದೆ. ಐಟಿ-ಮೇಸ್ ಎಂಬ ಪ್ರಶ್ನಾವಳಿಯಲ್ಲಿ 10 ಪ್ರಶ್ನೆಗಳಿದ್ದು, ಪ್ರತಿಯೊಂದಕ್ಕೂ 0ಯಿಂದ 4ರವರೆಗೆ ಅಂಕಗಳಿರುತ್ತವೆ. ಹೆಸರು ಕರೆದಾಗ ಮುಖ ನೋಡದೆಯೇ ಮಗು ತಿರುಗುತ್ತದೆಯೇ, ಮನೆಯ ಪರಿಚಿತ ಸದ್ದುಗಳನ್ನು ಗುರುತಿಸುತ್ತದೆಯೇ ಎಂಬಂತಹ ಪ್ರಶ್ನೆಗಳಿವು. ಹೆಮ್ಮೆಯಿಂದ ಹೆಚ್ಚಿಸಿ ಹೇಳಿದ ಉತ್ತರದಿಂದ ಮಗುವಿಗೇ ನಷ್ಟ.

ಎರಡು-ಮೂರು ವರ್ಷದ ಹೊತ್ತಿಗೆ ಆಟಿಕೆ ಮತ್ತು ಚಿತ್ರಗಳನ್ನು ಬಳಸುವ ಪರೀಕ್ಷೆ ಸಾಧ್ಯವಾಗುತ್ತದೆ. ಇಲ್ಲಿ ಮೊದಲು ಪದದ ಉದ್ದವನ್ನು ಮಾತ್ರ ಗುರುತಿಸಲು ಹೇಳಬಹುದು. ‘ಹೂ’ ಮತ್ತು ‘ಬಾಳೆಹಣ್ಣು’ ಇವುಗಳಲ್ಲಿ ಯಾವುದನ್ನು ಹೇಳಿದರೆಂದು ತಿಳಿಯಲು ಅಕ್ಷರಗಳು ಸ್ಪಷ್ಟವಾಗಿ ಕೇಳಿಸಬೇಕಾಗಿಲ್ಲ. ಅನಂತರ ‘ನಾಯಿ’, ‘ಬಾಯಿ’, ‘ಕಾಯಿ’, ‘ತಾಯಿ’ಗಳಂತಹ ಸಮೀಪದ ಪದಗಳಿಗೆ ಹೋಗಬಹುದು. ಇವುಗಳಲ್ಲಿ ಮೊದಲ ವ್ಯಂಜನವೊಂದೇ ಬೇರೆಯಾದ್ದರಿಂದ ಕಿವಿಯ ನಿಜವಾದ ಸಾಮರ್ಥ್ಯ ಇಲ್ಲಿ ತಿಳಿಯುತ್ತದೆ.

ಸುಮಾರು ಐದು ವರ್ಷದ ಬಳಿಕ ಚಿತ್ರಗಳ ಸಹಾಯವಿಲ್ಲದೆ ಪದಗಳನ್ನೂ ವಾಕ್ಯಗಳನ್ನೂ ಮರಳಿ ಹೇಳಿಸಬಹುದು. ಮಗುವಿನ ಉಚ್ಚಾರಣೆ ಇನ್ನೂ ತಿದ್ದಿರದಿದ್ದರೆ ಸರಿಯಾಗಿ ಕೇಳಿದ ಪದವನ್ನೂ ತಪ್ಪಾಗಿ ಹೇಳಬಹುದು. ಅಂತಹ ಸಂದರ್ಭದಲ್ಲಿ ಚಿತ್ರಪರೀಕ್ಷೆಯನ್ನೂ ಜೊತೆಗೆ ನಡೆಸುವುದು ಸೂಕ್ತ. ಮಗುವಿನ ವಯಸ್ಸಿನೊಂದಿಗೆ ‘ಶ್ರವಣ ವಯಸ್ಸ’ನ್ನೂ, ಅಂದರೆ ಸಾಧನ ಧರಿಸಿ ಎಷ್ಟು ಕಾಲವಾಯಿತೆಂಬುದನ್ನೂ, ಪರಿಗಣಿಸಬೇಕು. ನಾಲ್ಕು ವರ್ಷದ ಮಗುವಿಗೆ ಒಂದು ವರ್ಷದ ಹಿಂದಷ್ಟೇ ಇಂಪ್ಲಾಂಟ್ ಆಗಿದ್ದರೆ ಅದರ ಶ್ರವಣ ವಯಸ್ಸು ಒಂದೇ ವರ್ಷ.

ಕನ್ನಡದ ಪರೀಕ್ಷಾ ಸಾಮಗ್ರಿ

ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ಕ್ಷೇತ್ರದಲ್ಲಿ ಕನ್ನಡಕ್ಕೆ ದೊರೆತ ದೊಡ್ಡ ಆಸರೆ. ಅಲ್ಲಿ ಆಶಾ ಯತಿರಾಜ್ ಮತ್ತು ಸಿ. ಎಸ್. ವಿಜಯಲಕ್ಷ್ಮಿ ಅವರು 2005ರಲ್ಲಿ ರೂಪಿಸಿದ, ಕನ್ನಡ ಧ್ವನಿಗಳ ಸಮತೋಲನವುಳ್ಳ ಪದಪಟ್ಟಿಗಳು ವ್ಯಾಪಕ ಬಳಕೆಯಲ್ಲಿವೆ. ಪ್ರತಿ ಪಟ್ಟಿಯಲ್ಲಿ 25 ಪದಗಳಿವೆ. ಮಕ್ಕಳಿಗಾಗಿ ಚಿತ್ರಸಹಿತ ಪರೀಕ್ಷೆಗಳನ್ನೂ, ಗದ್ದಲದ ನಡುವೆ ಕೇಳಿಸುವ ವಾಕ್ಯಪರೀಕ್ಷೆಗಳನ್ನೂ ಅಲ್ಲಿನ ಸಂಶೋಧಕರು ಸಿದ್ಧಪಡಿಸಿದ್ದಾರೆ.

ಇಂಗ್ಲಿಷ್ ಪಟ್ಟಿಗಳನ್ನು ಭಾಷಾಂತರಿಸಿದರೆ ಕನ್ನಡ ಪರೀಕ್ಷೆಯಾಗುವುದಿಲ್ಲ. ಇಂಗ್ಲಿಷಿನ ಪರೀಕ್ಷೆಗಳು ಬಹುಮಟ್ಟಿಗೆ ವ್ಯಂಜನದಲ್ಲಿ ಕೊನೆಗೊಳ್ಳುವ ಏಕಾಕ್ಷರ ಪದಗಳನ್ನು ಅವಲಂಬಿಸಿವೆ. ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರಾಂತ್ಯವಾದವು. ‘ಕೈ’, ‘ಹೂ’ಗಳಂತಹ ಏಕಾಕ್ಷರ ಪದಗಳು ಕೆಲವೇ. ಆದ್ದರಿಂದ ಇಲ್ಲಿ ಎರಡಕ್ಷರದ ಪದಗಳನ್ನು ಬಳಸುವುದು ರೂಢಿ. ಇದಲ್ಲದೆ ಕನ್ನಡದಲ್ಲಿ ಅರ್ಥವನ್ನು ಬದಲಿಸುವ ಭೇದಗಳೂ ಬೇರೆ. ‘ಬಳೆ’ ಮತ್ತು ‘ಬಾಳೆ’ಗಳಲ್ಲಿ ಸ್ವರದ ಉದ್ದ, ‘ಕತೆ’ ಮತ್ತು ‘ಕತ್ತೆ’ಗಳಲ್ಲಿ ಒತ್ತಕ್ಷರ, ‘ಮನೆ’ ಮತ್ತು ‘ಮಣೆ’ಗಳಲ್ಲಿ ನಕಾರ-ಣಕಾರ, ‘ಎಲೆ’ ಮತ್ತು ‘ಎಳೆ’ಗಳಲ್ಲಿ ಲಕಾರ-ಳಕಾರಗಳೇ ಅರ್ಥಭೇದಕ್ಕೆ ಕಾರಣ. ಇಂಗ್ಲಿಷ್ ಪಟ್ಟಿಯಲ್ಲಿ ನೂರಕ್ಕೆ ನೂರು ಅಂಕ ಪಡೆದ ಮಗು ಈ ಭೇದಗಳನ್ನು ಗುರುತಿಸುತ್ತದೆಯೇ ಎಂಬುದು ಆ ಅಂಕದಿಂದ ತಿಳಿಯದು. ‘ಬಂದನು’, ‘ಬಂದಳು’, ‘ಬಂದರು’ ಎಂಬಲ್ಲಿ ಬಂದವರು ಯಾರೆಂಬುದು ಪದದ ಕೊನೆಯಲ್ಲಿದೆ. ಆ ಕೊನೆಯ ಭಾಗ ಮೆಲುವಾಗಿ ಜಾರಿಹೋಗುವುದರಿಂದ ಬಿಡಿ ಪದಗಳ ಜೊತೆಗೆ ವಾಕ್ಯಪರೀಕ್ಷೆಯೂ ಅವಶ್ಯ.

ಹೊರನಾಡಿನಲ್ಲಿ ಭಾಷೆಯ ಪ್ರಶ್ನೆ

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್ ಅಥವಾ ದೆಹಲಿಯ ಕನ್ನಡ ಮನೆಯ ಮಗುವಿಗೆ ಈ ವಿಷಯ ಇನ್ನಷ್ಟು ಗಂಭೀರವಾಗುತ್ತದೆ. ಮನೆಯಲ್ಲಿ ಕನ್ನಡ, ಹಲವರ ಮನೆಗಳಲ್ಲಿ ತುಳು ಅಥವಾ ಕೊಂಕಣಿ, ಚಿಕಿತ್ಸಾಲಯದಲ್ಲಿ ಹಿಂದಿ, ಮರಾಠಿ, ತಮಿಳು ಅಥವಾ ತೆಲುಗು, ಶಾಲೆಯಲ್ಲಿ ಇಂಗ್ಲಿಷ್. ‘ಮೊಲ’ದ ಚಿತ್ರವನ್ನು ಚೆನ್ನಾಗಿ ಬಲ್ಲ ಮಗು ‘ಖರ್‌ಗೋಶ್’ ಎಂದಾಗ ಸುಮ್ಮನಿದ್ದರೆ ಅದು ಕಿವಿಯ ದೋಷವಲ್ಲ, ಪದದ ಅಪರಿಚಯ. ವರದಿಯಲ್ಲಿ ಮಾತ್ರ ಎರಡೂ ತಪ್ಪು ಉತ್ತರವೆಂದೇ ದಾಖಲಾಗುತ್ತವೆ.

ಇದರ ಪರಿಣಾಮ ಸಣ್ಣದಲ್ಲ. ಕಡಿಮೆ ಅಂಕವನ್ನು ನೋಡಿ ಸರಿಯಾಗಿಯೇ ಇರುವ ಸಾಧನದ ಹೊಂದಾಣಿಕೆಯನ್ನು ಬದಲಿಸಬಹುದು. ಅಥವಾ ಮಗುವಿಗೆ ಎರಡು ಭಾಷೆಗಳ ಭಾರ ಹೆಚ್ಚಾಯಿತೆಂದು ಭಾವಿಸಿ ಮನೆಯಲ್ಲಿ ಕನ್ನಡವನ್ನೇ ನಿಲ್ಲಿಸುವ ಸಲಹೆ ಬರಬಹುದು. ಇದಕ್ಕೆ ವಿರುದ್ಧವಾಗಿ, ಸಾಧನದಲ್ಲಿ ನಿಜವಾದ ದೋಷವಿದ್ದಾಗ ‘ಭಾಷೆಯ ತೊಂದರೆ’ ಎಂದು ತಿಳಿದು ತಿಂಗಳುಗಟ್ಟಲೆ ಕಾಯುವ ಅಪಾಯವೂ ಇದೆ. ಮಾತು ಕಲಿಯುವ ವಯಸ್ಸಿನಲ್ಲಿ ಕಳೆದುಹೋದ ತಿಂಗಳುಗಳು ಮತ್ತೆ ದೊರೆಯುವುದಿಲ್ಲ. ಇಂಪ್ಲಾಂಟ್ ಇರುವ ಮಕ್ಕಳೂ ಸಾಕಷ್ಟು ಕೇಳಲು ಅವಕಾಶವಿದ್ದಲ್ಲಿ ಎರಡು ಭಾಷೆಗಳನ್ನು ಕಲಿಯಬಲ್ಲರು. ತಂದೆತಾಯಿ, ಅಜ್ಜ ಅಜ್ಜಿಯರು ತಮಗೆ ಸರಾಗವಾಗಿ ಬರುವ ಭಾಷೆಯಲ್ಲಿ ದಿನವಿಡೀ ಮಾತನಾಡಿದಾಗಲೇ ಮಗುವಿಗೆ ಸಮೃದ್ಧವಾದ ಮಾತು ದೊರೆಯುತ್ತದೆ.

ಆದುದರಿಂದ ಪರೀಕ್ಷೆಗೆ ಮುನ್ನವೇ ಮನೆಮಾತು ಯಾವುದೆಂದು ಸ್ಪಷ್ಟವಾಗಿ ತಿಳಿಸಬೇಕು. ಮಗುವಿಗೆ ಗೊತ್ತಿರುವ ಪದಗಳ ಪಟ್ಟಿಯೊಂದನ್ನು ಬರೆದುಕೊಂಡು ಹೋಗುವುದು ಉಪಯುಕ್ತ. ಪ್ರಾದೇಶಿಕ ಭೇದವನ್ನೂ ಹೇಳಬೇಕು. ಮೈಸೂರಿನ ‘ತಟ್ಟೆ’ ಧಾರವಾಡದ ಮನೆಯಲ್ಲಿ ‘ತಾಟು’ ಆಗಿರಬಹುದು. ಪರೀಕ್ಷೆಯ ಮೊದಲು ಚಿತ್ರಗಳನ್ನು ತೋರಿಸಿ ಮಗುವಿಗೆ ಹೆಸರು ಗೊತ್ತಿದೆಯೇ ಎಂದು ಖಚಿತಪಡಿಸಿಕೊಳ್ಳುವಂತೆ ವಿನಂತಿಸಬಹುದು. ಕನ್ನಡ ಬಲ್ಲ ತಜ್ಞರು ಸಿಗದಿದ್ದರೆ ಧ್ವನಿಮುದ್ರಿತ ಕನ್ನಡ ಪಟ್ಟಿಯ ಬಳಕೆ ಸಾಧ್ಯವೇ ಎಂದು ವಿಚಾರಿಸಬಹುದು. ರಜೆಯಲ್ಲಿ ಊರಿಗೆ ಹೋಗುವ ಕುಟುಂಬಗಳು ಮೈಸೂರಿನಲ್ಲಿ ವರ್ಷಕ್ಕೊಮ್ಮೆ ಕನ್ನಡದಲ್ಲಿ ಪರೀಕ್ಷೆ ಮಾಡಿಸಿ ಆ ವರದಿಯನ್ನು ತಮ್ಮ ನಗರದ ತಜ್ಞರಿಗೆ ಕೊಡಬಹುದು. ಮುಂಬಯಿಯ ಬಾಂದ್ರಾದಲ್ಲಿ 1983ರಲ್ಲಿ ಸ್ಥಾಪನೆಯಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಗೆ ಸಿಕಂದರಾಬಾದ್ ಮತ್ತು ನೋಯ್ಡಾಗಳಲ್ಲಿಯೂ ಪ್ರಾದೇಶಿಕ ಕೇಂದ್ರಗಳಿವೆ.

ಅಂಕಗಳನ್ನು ಓದುವ ಬಗೆ

ವರದಿಯಲ್ಲಿನ ಶೇಕಡಾವಾರು ಅಂಕವನ್ನು ನೋಡುವಾಗ ಕೆಲವು ವಿಚಾರಗಳನ್ನು ಗಮನಿಸಬೇಕು.

1. ನಾಲ್ಕು ಚಿತ್ರಗಳಲ್ಲಿ ಒಂದನ್ನು ಆರಿಸುವ ಪರೀಕ್ಷೆಯಲ್ಲಿ ಏನೂ ಕೇಳಿಸದ ಮಗುವೂ ಊಹೆಯಿಂದಲೇ ಶೇ. 25ರಷ್ಟು ಅಂಕ ಪಡೆಯಬಹುದು. ಚಿತ್ರಗಳಿಲ್ಲದ ಪರೀಕ್ಷೆಯ ಶೇ. 50 ಮತ್ತು ಚಿತ್ರಪರೀಕ್ಷೆಯ ಶೇ. 50 ಸಮಾನವಲ್ಲ.

2. 25 ಪದಗಳ ಪಟ್ಟಿಯಲ್ಲಿ ಒಂದು ಪದಕ್ಕೆ ಶೇ. 4. ಕಳೆದ ಬಾರಿ ಶೇ. 64 ಇದ್ದು ಈ ಬಾರಿ ಶೇ. 52 ಆದರೆ ವ್ಯತ್ಯಾಸ ಮೂರು ಪದಗಳಷ್ಟೇ. ಇಷ್ಟು ಏರಿಳಿತ ಆಕಸ್ಮಿಕವೂ ಆಗಿರಬಹುದು. ಸತತ ಇಳಿಕೆ ಕಂಡುಬಂದರೆ ಮಾತ್ರ ಎಚ್ಚರ ವಹಿಸಬೇಕು.

3. ಪರೀಕ್ಷಕರ ತುಟಿಗಳು ಮಗುವಿಗೆ ಕಾಣುತ್ತಿದ್ದವೇ ಎಂಬುದು ಮುಖ್ಯ. ತುಟಿಯ ಚಲನೆಯಿಂದ ಪಕಾರ, ಬಕಾರ, ಮಕಾರಗಳ ಗುಂಪು ತಿಳಿದುಬಿಡುತ್ತದೆ. ಬಾಯಿಗೆ ಕೈ ಅಡ್ಡಹಿಡಿದರೆ ಧ್ವನಿಯೇ ಕೆಡುವುದರಿಂದ ತೆಳು ಬಟ್ಟೆ ಬಿಗಿದ ಚೌಕಟ್ಟನ್ನು ಬಳಸುತ್ತಾರೆ.

4. ಪರೀಕ್ಷೆ ನಿಶ್ಶಬ್ದ ಕೊಠಡಿಯಲ್ಲಿ ನಡೆಯಿತೇ, ಗದ್ದಲದ ನಡುವೆಯೇ ಎಂದು ಕೇಳಬೇಕು. ನಗರದ ಶಾಲಾ ತರಗತಿಯಲ್ಲಿ ಫ್ಯಾನಿನ ಸದ್ದು, ರಸ್ತೆಯ ವಾಹನಗಳು, ಇತರ ಮಕ್ಕಳ ಮಾತು ಇವೆಲ್ಲ ಇರುತ್ತವೆ. ನಿಶ್ಶಬ್ದದಲ್ಲಿ ಉತ್ತಮ ಅಂಕ ಪಡೆದ ಮಗು ಅಲ್ಲಿ ಬಹಳಷ್ಟನ್ನು ಕಳೆದುಕೊಳ್ಳಬಹುದು. ಶಾಲೆಗೆ ಸೇರಿಸುವ ಮುನ್ನ ಗದ್ದಲದಲ್ಲಿ ನಡೆಸುವ ಪರೀಕ್ಷೆ ಅಗತ್ಯ.

ಮನೆಯಲ್ಲಿ ಪ್ರತಿದಿನ

ತಜ್ಞರ ಪರೀಕ್ಷೆ ಕೆಲವು ತಿಂಗಳಿಗೊಮ್ಮೆ ನಡೆಯುತ್ತದೆ. ಸಾಧನ ಕೆಡಲು ಒಂದು ದಿನ ಸಾಕು. ಆದುದರಿಂದ ಡೇನಿಯಲ್ ಲಿಂಗ್ ಅವರ ಹೆಸರಿನ ಆರು ಧ್ವನಿಗಳ ಪರೀಕ್ಷೆಯನ್ನು ಪ್ರತಿದಿನ ಬೆಳಿಗ್ಗೆ ಮನೆಯಲ್ಲಿಯೇ ಮಾಡಬಹುದು. ‘ಮ್’, ‘ಊ’, ‘ಆ’, ‘ಈ’, ‘ಶ್’, ‘ಸ್’ ಎಂಬ ಈ ಧ್ವನಿಗಳು ಮಾತಿನಲ್ಲಿ ಬರುವ ತಗ್ಗು ಸ್ಥಾಯಿಯಿಂದ ಎತ್ತರದ ಸ್ಥಾಯಿಯವರೆಗಿನ ವ್ಯಾಪ್ತಿಯನ್ನು ಒಳಗೊಳ್ಳುತ್ತವೆ. ಮಗುವಿನ ಹಿಂದೆ ಅಥವಾ ಪಕ್ಕದಲ್ಲಿ ಸುಮಾರು ಒಂದು ಮೀಟರ್ ದೂರದಲ್ಲಿ ಕುಳಿತು, ಸಹಜ ಧ್ವನಿಯಲ್ಲಿ, ಕ್ರಮ ಬದಲಿಸುತ್ತಾ ಹೇಳಬೇಕು. ಚಿಕ್ಕ ಮಗು ಕೇಳಿದಾಗಲೆಲ್ಲ ಡಬ್ಬಿಯೊಳಗೆ ಒಂದು ಮಣಿ ಹಾಕಲಿ. ದೊಡ್ಡ ಮಗು ಧ್ವನಿಯನ್ನೇ ಮರಳಿ ಹೇಳಲಿ. ನಡುವೆ ಸುಮ್ಮನಿದ್ದು, ಮಗು ಊಹೆಯಿಂದ ಮಣಿ ಹಾಕುತ್ತಿಲ್ಲವೆಂದು ನೋಡಬೇಕು. ನಿನ್ನೆ ಕೇಳಿಸಿದ ‘ಸ್’ ಇಂದು ಕೇಳಿಸದಿದ್ದರೆ ಮೊದಲು ಬ್ಯಾಟರಿಯನ್ನೂ, ಅನಂತರ ಮೈಕ್ ಮತ್ತು ತಂತಿಯನ್ನೂ ಪರಿಶೀಲಿಸಿ, ಆಗಲೂ ಸರಿಹೋಗದಿದ್ದಲ್ಲಿ ತಜ್ಞರನ್ನು ಕಾಣಬೇಕು. ಈ ಪರೀಕ್ಷೆಯ ಫಲಿತಾಂಶವನ್ನು ದಿನಾಂಕದೊಂದಿಗೆ ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು.

ಮಗುವಿನ ಪ್ರಗತಿಯನ್ನು ಅಳೆಯುವ ಅಧಿಕಾರ ತಜ್ಞರದ್ದಾದರೂ, ಮಗುವಿಗೆ ಯಾವ ಮಾತು ಗೊತ್ತಿದೆ ಎಂಬ ಅರಿವು ಮನೆಯವರಿಗೇ ಹೆಚ್ಚು. ಈ ಎರಡೂ ಕೂಡಿದಾಗ ಮಾತ್ರ ವರದಿಯಲ್ಲಿನ ಅಂಕವು ಮಗುವಿನ ನಿಜವಾದ ಗ್ರಹಿಕೆಯನ್ನು ಹೇಳುತ್ತದೆ. ಮುಂದಿನ ಪರೀಕ್ಷೆಯ ದಿನ ‘ಅಂಕ ಎಷ್ಟು’ ಎಂದು ಕೇಳುವ ಮೊದಲು ‘ಯಾವ ಭಾಷೆಯಲ್ಲಿ, ಯಾವ ಪದಗಳಿಂದ, ಯಾವ ಸನ್ನಿವೇಶದಲ್ಲಿ’ ಎಂದು ಕೇಳುವುದು ಪ್ರತಿಯೊಬ್ಬ ತಂದೆತಾಯಿಯರ ಹಕ್ಕೂ ಹೌದು, ಹೊಣೆಯೂ ಹೌದು.