ತೆರೆಯಿಂದ ಕರೆಂಟು: ನಮ್ಮ ಶಾಲೆಯಷ್ಟೇ ವಯಸ್ಸಿನ ಒಂದು ಕತೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಮಿತಿಯವರು ಕೇಳಿದಾಗ, ಈ ಶಾಲೆಯಲ್ಲಿ ವಿಜ್ಞಾನ ಕಲಿಸಿದ ನನಗೆ ಒಂದು ಹಳೆಯ ಬಾಕಿ ನೆನಪಾಯಿತು.

ಕೇರಳದ ತಿರುವನಂತಪುರದ ಹತ್ತಿರ ವಿಳಿಂಜಂ ಎಂಬ ಮೀನುಗಾರಿಕಾ ಬಂದರಿದೆ. 1991ರ ಅಕ್ಟೋಬರಿನಲ್ಲಿ ಅಲ್ಲಿ ಸಮುದ್ರದ ತೆರೆಗಳಿಂದ ವಿದ್ಯುತ್ ತಯಾರಿಸುವ ಘಟಕ ಕೆಲಸ ಆರಂಭಿಸಿತು. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಎಂಟನೇ ತರಗತಿಯಲ್ಲಿ ಉತ್ಸಾಹದಿಂದ ಹೇಳಿದ್ದೆ. ಹಿಂದಿನ ಬೆಂಚಿನಲ್ಲಿದ್ದ ಮೀನುಗಾರರ ಮನೆಯ ಹುಡುಗನೊಬ್ಬ ಎದ್ದು ನಿಂತು, "ಹಾಗಾದರೆ ನಮ್ಮ ಮನೆಗೂ ತೆರೆಯ ಕರೆಂಟು ಬರುತ್ತದಾ ಸರ್?" ಎಂದು ಕೇಳಿದ. "ನೀನು ದೊಡ್ಡವನಾಗುವಷ್ಟರಲ್ಲಿ ಬರುತ್ತದೆ" ಎಂದುಬಿಟ್ಟೆ. ಅವನು ದೊಡ್ಡವನಾದ. ಅವನ ಮಗಳು ಈಗ ಇದೇ ಶಾಲೆಯಲ್ಲಿ ಓದುತ್ತಿದ್ದಾಳೆ. ಮನೆಗೆ ಕರೆಂಟು ಬಂದಿದೆ, ಆದರೆ ಅದು ತೆರೆಯ ಕರೆಂಟಲ್ಲ. ಏಕೆ ಹೀಗಾಯಿತು ಎಂಬುದನ್ನು ಆ ಮಗುವಿಗೂ ತಿಳಿಯುವ ಹಾಗೆ ಹೇಳುವುದೇ ಈ ಲೇಖನದ ಉದ್ದೇಶ.

ತೆರೆಯನ್ನು ದುಡಿಸಿಕೊಳ್ಳುವ ಆಸೆ ಹೊಸದಲ್ಲ. 1799ರಲ್ಲೇ ಪ್ಯಾರಿಸ್ಸಿನ ಗಿರಾರ್ ಎಂಬ ತಂದೆ ಮಗ ಇಂಥ ಯಂತ್ರವೊಂದಕ್ಕೆ ಪೇಟೆಂಟ್ ಪಡೆದಿದ್ದರು. ಮುಂದೆ ಜಪಾನಿನ ಯೋಶಿಯೊ ಮಸುದಾ ಎಂಬವರು ತೆರೆಯ ಬಲದಿಂದಲೇ ದೀಪ ಉರಿಸಿಕೊಳ್ಳುವ ತೇಲು ಬುರುಡೆಗಳನ್ನು ರೂಪಿಸಿದರು. ಹಡಗುಗಳಿಗೆ ದಾರಿ ತೋರಿಸುವ ಆ ಪುಟ್ಟ ದೀಪಗಳು 1960ರ ದಶಕದಲ್ಲಿ ನಿಜವಾಗಿಯೂ ಬಳಕೆಗೆ ಬಂದವು.

ಆದರೆ ಲೋಕದ ಗಮನ ಇತ್ತ ತಿರುಗಿದ್ದು 1973ರಲ್ಲಿ ಪೆಟ್ರೋಲಿಯಂ ಬೆಲೆ ಒಮ್ಮೆಲೇ ಏರಿದ ಮೇಲೆ. ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯದ ಸ್ಟೀಫನ್ ಸಾಲ್ಟರ್ ಜ್ವರ ಬಂದು ಮಲಗಿದ್ದಾಗ, ಸುಮ್ಮನೆ ಮಲಗುವ ಬದಲು ಈ ಇಂಧನದ ಸಮಸ್ಯೆಗೆ ಏನಾದರೂ ಉಪಾಯ ಯೋಚಿಸಬಾರದೇ ಎಂದು ಹೆಂಡತಿ ಹೇಳಿದರೆಂಬ ಕತೆ ಪ್ರಸಿದ್ಧವಾಗಿದೆ. ಅವರು ರೂಪಿಸಿದ ಯಂತ್ರ ತೆರೆ ಬಂದಾಗಲೆಲ್ಲ ತಲೆ ಆಡಿಸುತ್ತಿತ್ತು. ಜನ ಅದನ್ನು 'ಸಾಲ್ಟರನ ಬಾತುಕೋಳಿ' ಎಂದು ಕರೆದರು. ಆ ಬಗ್ಗೆ ಅವರ ಲೇಖನ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದದ್ದು 1974ರಲ್ಲಿ. ನಮ್ಮ ಶಾಲೆಯ ಮೊದಲ ಗಂಟೆ ಬಾರಿಸಿದ್ದೂ ಅದೇ ವರ್ಷ! ಪ್ರಯೋಗಶಾಲೆಯ ತೊಟ್ಟಿಯಲ್ಲಿ ಆ ಬಾತುಕೋಳಿ ತೆರೆಯ ಶಕ್ತಿಯ ಬಹುಪಾಲನ್ನು ಹೀರಿಕೊಂಡಿತ್ತು. ಆದರೆ ತೊಟ್ಟಿಯಿಂದ ಕಡಲಿಗೆ ಇಳಿಯುವುದು ಸುಲಭವಾಗಿರಲಿಲ್ಲ. ಖರ್ಚಿನ ಲೆಕ್ಕದ ಮೇಲೆ ಜಗಳವೆದ್ದು, 1982ರಲ್ಲಿ ಬ್ರಿಟಿಷ್ ಸರ್ಕಾರ ತನ್ನ ಯೋಜನೆಯನ್ನು ಬಹುಮಟ್ಟಿಗೆ ಕೈಬಿಟ್ಟಿತು.

ಸುಮಾರು ಅದೇ ಹೊತ್ತಿಗೆ ನಮ್ಮ ದೇಶದಲ್ಲಿ ಕೆಲಸ ಶುರುವಾಯಿತು. ಕೇಂದ್ರದ ಸಾಗರ ಅಭಿವೃದ್ಧಿ ಇಲಾಖೆಯ ನೆರವಿನಿಂದ ಮದ್ರಾಸಿನ ಐಐಟಿ ವಿಜ್ಞಾನಿಗಳು ಈ ಸಂಶೋಧನೆ ಕೈಗೊಂಡರು. ಅದರ ಫಲವೇ ವಿಳಿಂಜಂ.

ಅದು ಹೇಗೆ ಕೆಲಸ ಮಾಡುತ್ತಿತ್ತು? ಮಕ್ಕಳೇ, ಒಂದು ಖಾಲಿ ನೀರಿನ ಬಾಟಲಿಯ ತಳವನ್ನು ದೊಡ್ಡವರಿಂದ ಕತ್ತರಿಸಿಕೊಳ್ಳಿ. ಮುಚ್ಚಳ ತೆಗೆದು, ನೀರು ತುಂಬಿದ ಬಕೆಟಿನಲ್ಲಿ ನೆಟ್ಟಗೆ ಅದುಮಿ. ಬಾಯಿಯ ಮೇಲೆ ಅಂಗೈ ಹಿಡಿದರೆ ಗಾಳಿ ಊದಿದ ಹಾಗಾಗುತ್ತದೆ. ಬಾಟಲಿಯನ್ನು ಮೇಲೆತ್ತಿದರೆ ಗಾಳಿ ಒಳಕ್ಕೆ ಎಳೆದುಕೊಳ್ಳುತ್ತದೆ. ಕಮ್ಮಾರನ ತಿದಿಯ ಹಾಗೆಯೇ ಇದು. ವಿಳಿಂಜಂನಲ್ಲಿ ಬಾಟಲಿಯ ಬದಲು ಸುಮಾರು 3,000 ಟನ್ ತೂಕದ ಕಾಂಕ್ರೀಟ್ ಪೆಟ್ಟಿಗೆಯಿತ್ತು. ಬಂದರಿನ ತಡೆಗೋಡೆಯ ಪಕ್ಕದಲ್ಲಿ, ಸುಮಾರು 10 ಮೀಟರ್ ಆಳದ ನೀರಿನಲ್ಲಿ ಅದನ್ನು ಕೂರಿಸಿದ್ದರು. ಪೆಟ್ಟಿಗೆ ಕದಲುತ್ತಿರಲಿಲ್ಲ, ಕಡಲೇ ಏರಿಳಿಯುತ್ತಿತ್ತು. ತೆರೆ ಒಳನುಗ್ಗಿದಾಗ ಪೆಟ್ಟಿಗೆಯೊಳಗಿನ ಗಾಳಿ ಮೇಲಿನ ಕೊಳವೆಯಿಂದ ರಭಸವಾಗಿ ಹೊರಬರುತ್ತಿತ್ತು, ತೆರೆ ಹಿಂದೆ ಸರಿದಾಗ ಹೊರಗಿನ ಗಾಳಿ ಒಳಹೋಗುತ್ತಿತ್ತು. ಆ ಗಾಳಿಗೆ ಕೊಳವೆಯಲ್ಲಿದ್ದ ಟರ್ಬೈನ್ ತಿರುಗುತ್ತಿತ್ತು. ಸೈಕಲ್ಲಿನ ಚಕ್ರ ಡೈನಮೊವನ್ನು ತಿರುಗಿಸಿದಂತೆ, ಟರ್ಬೈನ್ ಜನರೇಟರನ್ನು ತಿರುಗಿಸಿ ವಿದ್ಯುತ್ ಕೊಡುತ್ತಿತ್ತು.

ಇಲ್ಲಿ ಜಾಣ ಮಗುವೊಂದು ಪ್ರಶ್ನೆ ಕೇಳಬೇಕು: ಗಾಳಿ ಒಮ್ಮೆ ಹೊರಗೆ, ಒಮ್ಮೆ ಒಳಗೆ ಹೋದರೆ ಫ್ಯಾನೂ ಒಮ್ಮೆ ಹೀಗೆ, ಒಮ್ಮೆ ಹಾಗೆ ತಿರುಗುವುದಿಲ್ಲವೇ? ಸಾಮಾನ್ಯ ಫ್ಯಾನಾದರೆ ಹಾಗೇ ಆಗುತ್ತದೆ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ಪ್ರಾಧ್ಯಾಪಕರಾಗಿದ್ದ ಅಲನ್ ವೆಲ್ಸ್ 1970ರ ದಶಕದಲ್ಲಿ ಇದಕ್ಕೆ ಪರಿಹಾರ ಕಂಡುಹಿಡಿದರು. ಅವರ ಟರ್ಬೈನಿನ ಎಲೆಗಳು ಎರಡೂ ಬದಿಗೆ ಒಂದೇ ಆಕಾರದಲ್ಲಿದ್ದು, ಗಾಳಿ ಎತ್ತಲಿಂದ ಬಂದರೂ ಒಂದೇ ದಿಕ್ಕಿಗೆ ತಿರುಗುತ್ತವೆ. ವಿಳಿಂಜಂನಲ್ಲಿ ಇದ್ದದ್ದು ಇದೇ ವೆಲ್ಸ್ ಟರ್ಬೈನ್.

ಘಟಕದ ಸಾಮರ್ಥ್ಯ 150 ಕಿಲೊವ್ಯಾಟ್. ಹಳೆಯ 60 ವ್ಯಾಟಿನ ಬಲ್ಬುಗಳ ಲೆಕ್ಕದಲ್ಲಿ 2,500 ಬಲ್ಬು. ಆದರೆ ಇದು ಕಡಲು ಕೆರಳಿದ್ದಾಗಿನ ಮಾತು. ಕರಾವಳಿಯವರಾದ ನಮಗೆ ಕಡಲಿನ ಸ್ವಭಾವ ಗೊತ್ತು. ಆಷಾಢದ ಕಡಲು ಬೇರೆ, ಮಾಘದ ಕಡಲು ಬೇರೆ. ಮಳೆಗಾಲದಲ್ಲಿ ಕೈತುಂಬ ಸಿಕ್ಕ ವಿದ್ಯುತ್ ಚಳಿಗಾಲಕ್ಕೆ ಬಹಳ ಕಡಿಮೆಯಾಗುತ್ತಿತ್ತು. ಮಳೆಗಾಲದಲ್ಲೂ ಒಂದು ತೆರೆಗೂ ಇನ್ನೊಂದಕ್ಕೂ ನಡುವೆ ಕರೆಂಟು ಏರಿಳಿಯುತ್ತಿತ್ತು. ಉಪ್ಪುನೀರು ಕಬ್ಬಿಣವನ್ನು ತಿನ್ನುತ್ತದೆ. ಇನ್ನೊಂದು ಕಷ್ಟ ಇವೆಲ್ಲಕ್ಕಿಂತ ದೊಡ್ಡದು: ಸಂಪಾದನೆ ಬರುವುದು ದಿನನಿತ್ಯದ ತೆರೆಯಿಂದ, ಆದರೆ ಕಟ್ಟಡ ಕಟ್ಟಬೇಕಾದದ್ದು ಹತ್ತಾರು ವರ್ಷಕ್ಕೊಮ್ಮೆ ಬರುವ ಚಂಡಮಾರುತವನ್ನು ತಡೆಯುವಷ್ಟು ಗಟ್ಟಿಯಾಗಿ. ಸಣ್ಣ ಸಂಬಳದವನು ಕೋಟೆ ಕಟ್ಟಿಕೊಂಡ ಹಾಗೆ. ಹೀಗಾಗಿ ತೆರೆಯ ಕರೆಂಟು ದುಬಾರಿಯಾಯಿತು.

ಆದರೂ ವಿಜ್ಞಾನಿಗಳು ಕೈಚೆಲ್ಲಲಿಲ್ಲ. ಟರ್ಬೈನುಗಳನ್ನು ಸುಧಾರಿಸಿದರು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು 2004ರಲ್ಲಿ ಇದೇ ಘಟಕದ ಶಕ್ತಿಯಿಂದ ಸಮುದ್ರದ ನೀರನ್ನು ಸಿಹಿನೀರು ಮಾಡುವ ಪ್ರಯೋಗ ನಡೆಸಿದರು. ದಿನಕ್ಕೆ 10,000 ಲೀಟರ್ ಸಾಮರ್ಥ್ಯದ ವ್ಯವಸ್ಥೆ ಅದು. ಕೊನೆಗೆ 2011ರಲ್ಲಿ ವಿಳಿಂಜಂ ಘಟಕವನ್ನು ಮುಚ್ಚಲಾಯಿತು.

ಹಾಗಾದರೆ ಅದು ಸೋತಿತೇ? ನಾನು ಬಹಳ ಕಾಲ ಹಾಗೇ ಅಂದುಕೊಂಡಿದ್ದೆ. ಆದರೆ ಅದೇ 2011ರಲ್ಲಿ ಸ್ಪೇನಿನ ಮುತ್ರಿಕು ಎಂಬ ಪುಟ್ಟ ಬಂದರಿನಲ್ಲಿ ಇದೇ ತತ್ತ್ವದ ಘಟಕ ಆರಂಭವಾಯಿತು. 16 ಟರ್ಬೈನುಗಳು, ಒಟ್ಟು 296 ಕಿಲೊವ್ಯಾಟ್. ಅಲ್ಲಿ ಗಾಳಿಯ ಕೋಣೆಗಳನ್ನು ಬಂದರಿಗೆ ಹೇಗೂ ಬೇಕಾಗಿದ್ದ ತಡೆಗೋಡೆಯೊಳಗೇ ಕಟ್ಟಿದ್ದಾರೆ. ಗೋಡೆ ದೋಣಿಗಳನ್ನೂ ಕಾಯುತ್ತದೆ, ಕರೆಂಟನ್ನೂ ಕೊಡುತ್ತದೆ, ಖರ್ಚು ಹಂಚಿಹೋಗುತ್ತದೆ. ತಡೆಗೋಡೆಗೂ ವಿದ್ಯುತ್ತಿಗೂ ಹೀಗೆ ಗಂಟುಹಾಕುವ ಆಲೋಚನೆಯನ್ನು ವಿಳಿಂಜಂನ ವಿಜ್ಞಾನಿಗಳೂ ಮಾಡಿದ್ದರು.

2022ರ ನವೆಂಬರಿನಲ್ಲಿ ಐಐಟಿ ಮದ್ರಾಸಿನವರು ತಮಿಳುನಾಡಿನ ತೂತ್ತುಕುಡಿಯಿಂದ ಸುಮಾರು 6 ಕಿಲೋಮೀಟರ್ ದೂರದ ಕಡಲಿನಲ್ಲಿ 'ಸಿಂಧುಜಾ-1' ಎಂಬ ತೇಲುವ ಯಂತ್ರವನ್ನು ಪರೀಕ್ಷಿಸಿದರು. ಅದು ಕೊಡುವುದು 100 ವ್ಯಾಟ್, ಅಂದರೆ ಹಳೆಯ ಕಾಲದ ಒಂದು ಬಲ್ಬಿಗೆ ಸಾಕಾಗುವಷ್ಟು. 150 ಕಿಲೊವ್ಯಾಟಿನಿಂದ 100 ವ್ಯಾಟಿಗೆ ಇಳಿದರೇ ಎಂದು ನಗಬೇಡಿ. ತಂತಿ ತಲುಪದ ನಡುಗಡಲಿನ ಉಪಕರಣಗಳಿಗೆ ಅಷ್ಟು ಕರೆಂಟೂ ದೊಡ್ಡದೇ. ಮಸುದಾ ಅವರ ತೇಲು ದೀಪಗಳೂ ಬೆಳಗಿದ್ದು ಅಂಥ ಜಾಗದಲ್ಲೇ.

ನಮ್ಮ ಶಾಲೆ ಐವತ್ತು ವರ್ಷ ಪೂರೈಸಿದೆ. ಬಾತುಕೋಳಿಯ ಲೇಖನಕ್ಕೂ ಅಷ್ಟೇ ವಯಸ್ಸಾಗಿದೆ. ಸಾಲ್ಟರ್ 2024ರಲ್ಲಿ ತೀರಿಕೊಂಡರು. ಅವರ ಬಾತುಕೋಳಿ ಮಹಾಸಾಗರಕ್ಕೆ ಇಳಿಯಲೇ ಇಲ್ಲ. ಶಾಲೆಯ ಪಾಠಪುಸ್ತಕಗಳಲ್ಲಿ ಗೆದ್ದ ಯಂತ್ರಗಳ ಹೆಸರುಗಳೇ ಹೆಚ್ಚು. ನಿಂತುಹೋದ ಯಂತ್ರಗಳಿಂದ ಕಲಿತದ್ದನ್ನೂ ಮಕ್ಕಳಿಗೆ ಹೇಳಬೇಕು, ಏಕೆಂದರೆ ಮುಂದಿನವರು ಹೆಜ್ಜೆಯಿಡುವುದು ಅದರ ಮೇಲೆಯೇ.

ಹಿಂದಿನ ಬೆಂಚಿನ ಆ ಹುಡುಗನಿಗೆ 1991ರಲ್ಲಿ ನಾನು ಕೊಟ್ಟ ಉತ್ತರ ತಪ್ಪಾಗಿತ್ತು. "ಬರುತ್ತದೆ" ಎನ್ನುವ ಬದಲು "ಬರಬಹುದು, ಆದರೆ ಯಾರಾದರೂ ದುಡಿಯಬೇಕು" ಎನ್ನಬೇಕಿತ್ತು. ಅದನ್ನು ಈಗ ಅವನ ಮಗಳಿಗೆ ಹೇಳುತ್ತಿದ್ದೇನೆ. ಮಗೂ, ಇವತ್ತೇ ಬಕೆಟು, ಬಾಟಲಿ ತೆಗೆದುಕೊಂಡು ಪ್ರಯೋಗ ಮಾಡಿ ನೋಡು. ಅಂಗೈಗೆ ಗಾಳಿ ತಾಗಿದಾಗ, ಅಪ್ಪನನ್ನೂ ಕರೆದು ತೋರಿಸು.