ಮೈಸೂರು ವಿಶ್ವವಿದ್ಯಾನಿಲಯ

ಮೈಸೂರು ವಿಶ್ವವಿದ್ಯಾನಿಲಯ ಕರ್ನಾಟಕದ ಮೊದಲ ವಿಶ್ವವಿದ್ಯಾನಿಲಯ. ಬ್ರಿಟಿಷರ ನೇರ ಆಡಳಿತಕ್ಕೆ ಒಳಪಡದ ನೆಲದಲ್ಲಿ, ಭಾರತದಲ್ಲೇ ಮೊದಲು ಹುಟ್ಟಿದ್ದು. ಸ್ಥಾಪನೆ 1916ರ ಜುಲೈ 27ರಂದು. ನಾಲ್ವಡಿ ಕೃಷ್ಣರಾಜ ಒಡೆಯರು ಮೊದಲ ಕುಲಾಧಿಪತಿ, ಎಚ್.ವಿ. ನಂಜುಂಡಯ್ಯ ಮೊದಲ ಕುಲಪತಿ. ಬೆನ್ನಿಗೆ ನಿಂತು ಇದನ್ನು ಆಗುಮಾಡಿದವರು ದಿವಾನ್ ಎಂ. ವಿಶ್ವೇಶ್ವರಯ್ಯ. ಅಲ್ಲಿಯವರೆಗೆ ಮದರಾಸು ವಿಶ್ವವಿದ್ಯಾನಿಲಯದ ಅಧೀನದಲ್ಲಿದ್ದ ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಇದರ ಮೊದಲ ಆಧಾರಸ್ತಂಭಗಳು.

ಸ್ಥಾಪನೆಗೆ ಮುನ್ನ ಸಿ.ಆರ್. ರೆಡ್ಡಿ ಮತ್ತು ಥಾಮಸ್ ಡೆನ್‌ಹ್ಯಾಮ್ ಹೊರದೇಶಗಳ ಶಿಕ್ಷಣ ಪದ್ಧತಿಗಳನ್ನು ಅಭ್ಯಸಿಸಿದ್ದರು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಜೊತೆಗೆ ಅಮೆರಿಕದ ಷಿಕಾಗೊ ಮತ್ತು ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯಗಳೂ ಮಾದರಿಯಾದವು. ವಿಸ್ಕಾನ್ಸಿನ್ ಅಲ್ಲಿನ ರಾಜ್ಯ ಸರ್ಕಾರದ ಸಂಸ್ಥೆ. ತರಗತಿಯ ಆಚೆಗಿನ ಜನರಿಗೂ ವಿದ್ಯೆ ತಲುಪಿಸುವುದು ತನ್ನ ಹೊಣೆ ಎಂದು ತಿಳಿದದ್ದು. ಮೈಸೂರಿನ ನಿಜವಾದ ಹಿರಿಮೆಯನ್ನು ಈ ಹೊಣೆಯಲ್ಲಿಯೇ ಹುಡುಕಬೇಕು. ಎಸ್. ರಾಧಾಕೃಷ್ಣನ್ 1918ರಿಂದ 1921ರವರೆಗೆ ಇಲ್ಲಿ ತತ್ತ್ವಶಾಸ್ತ್ರ ಕಲಿಸಿದರು. ಬ್ರಜೇಂದ್ರನಾಥ ಸೀಲ್ ಕುಲಪತಿಯಾಗಿದ್ದರು. ಆದರೆ ದೊಡ್ಡ ಹೆಸರುಗಳಿಗಿಂತ ಹೆಚ್ಚು ಉಳಿದು ಬಂದದ್ದು ಕನ್ನಡದ ಕೆಲಸ.

1919ರಲ್ಲಿ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳು ಹೊರಡಿಸಿದ ‘ಪ್ರಬುದ್ಧ ಕರ್ನಾಟಕ’ ಮುಂದೆ ವಿಶ್ವವಿದ್ಯಾನಿಲಯದ ಪತ್ರಿಕೆಯಾಯಿತು. 1927ರಲ್ಲಿ ಕನ್ನಡ ಎಂ.ಎ. ಆರಂಭವಾಯಿತು. ಅಧ್ಯಾಪಕರು ಊರೂರಿಗೆ ಹೋಗಿ ವಿಜ್ಞಾನ, ಆರೋಗ್ಯ, ಚರಿತ್ರೆಯ ವಿಷಯಗಳನ್ನು ಕನ್ನಡದಲ್ಲಿ ಹೇಳುವ ಪ್ರಚಾರೋಪನ್ಯಾಸಗಳು ನಡೆದವು. ಆ ಮಾತುಗಳೇ ಅಗ್ಗದ ಕಿರುಹೊತ್ತಗೆಗಳಾಗಿ ಓದುಗರ ಕೈಸೇರಿದವು. ಕಾಲೇಜಿನ ಮೆಟ್ಟಿಲು ಹತ್ತದ ಎಷ್ಟೋ ಮಂದಿಗೆ ವಿಶ್ವವಿದ್ಯಾನಿಲಯವೆಂದರೆ ಈ ಪುಸ್ತಕಗಳೇ ಆಗಿದ್ದವು. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದರು; ‘ಆಕಾಶವಾಣಿ’ ಎಂಬ ಹೆಸರು ಬಳಕೆಗೆ ಬಂದದ್ದು ಅಲ್ಲಿಂದ. 1946ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟು ಪ್ರಕಟವಾಯಿತು.

1929ರಲ್ಲಿ ಇಲ್ಲಿಯೇ ಕನ್ನಡ ಎಂ.ಎ. ಮುಗಿಸಿ ಅಧ್ಯಾಪಕರಾದ ಕುವೆಂಪು 1956ರಿಂದ 1960ರವರೆಗೆ ಕುಲಪತಿಗಳು. ಇಲ್ಲಿ ಓದಿ ಇಲ್ಲಿಯೇ ಕುಲಪತಿಯಾದವರಲ್ಲಿ ಅವರೇ ಮೊದಲಿಗರು. ಉನ್ನತ ಶಿಕ್ಷಣ ಕನ್ನಡದಲ್ಲಿ ನಡೆಯಬೇಕೆಂಬುದು ಅವರಿಗೆ ಭಾಷಾಭಿಮಾನದ ಮಾತಷ್ಟೇ ಆಗಿರಲಿಲ್ಲ. ಹಳ್ಳಿಯ ಮಕ್ಕಳಿಗೆ ಸಲ್ಲಬೇಕಾದ ನ್ಯಾಯವಾಗಿತ್ತು. ಕುಕ್ಕರಹಳ್ಳಿ ಕೆರೆಯ ಪಕ್ಕದ ಸ್ನಾತಕೋತ್ತರ ಆವರಣಕ್ಕೆ ‘ಮಾನಸಗಂಗೋತ್ರಿ’ ಎಂದು ಹೆಸರಿಟ್ಟವರೂ ಅವರೇ. 1966ರಲ್ಲಿ ದೇ. ಜವರೇಗೌಡರ ಮುಂದಾಳುತನದಲ್ಲಿ ಆರಂಭವಾದ ಕನ್ನಡ ಅಧ್ಯಯನ ಸಂಸ್ಥೆ ಈಗ ಕುವೆಂಪು ಹೆಸರಿನಲ್ಲಿದೆ. ಹದಿನಾಲ್ಕು ಸಂಪುಟಗಳ ಕನ್ನಡ ವಿಶ್ವಕೋಶ, ಶಾಸನಗಳ ಪರಿಷ್ಕರಣೆ, ಜಯಲಕ್ಷ್ಮೀವಿಲಾಸ ಅರಮನೆಯ ಜಾನಪದ ವಸ್ತುಸಂಗ್ರಹಾಲಯ, ಇವು ಆ ಕಾಲದಿಂದ ಬೆಳೆದ ಫಲಗಳು. 1891ರಲ್ಲಿ ಆರಂಭವಾದ ಓರಿಯಂಟಲ್ ಲೈಬ್ರರಿಯೂ ವಿಶ್ವವಿದ್ಯಾನಿಲಯದ ಅಂಗ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಆರ್. ಶಾಮಶಾಸ್ತ್ರಿ 1905ರಲ್ಲಿ ಗುರುತಿಸಿದ್ದು, 1909ರಲ್ಲಿ ಪ್ರಕಟಿಸಿದ್ದು ಅಲ್ಲಿಯ ಸಂಗ್ರಹದಿಂದ.

ಬೆಂಗಳೂರು (1964), ಮಂಗಳೂರು (1980), ಶಿವಮೊಗ್ಗ ಬಳಿಯ ಕುವೆಂಪು (1987) ವಿಶ್ವವಿದ್ಯಾನಿಲಯಗಳು ಇದರಿಂದ ಕವಲೊಡೆದವು. 1969ರಲ್ಲಿ ಶುರುವಾದ ಅಂಚೆ ಮತ್ತು ತೆರಪಿನ ಶಿಕ್ಷಣ ಸಂಸ್ಥೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೇರೆಯಾಯಿತು. ನೌಕರಿಯಲ್ಲಿದ್ದವರಿಗೆ, ಓದು ಅರ್ಧಕ್ಕೆ ನಿಂತ ಹೆಣ್ಣುಮಕ್ಕಳಿಗೆ ಪದವಿಯ ದಾರಿ ತೆರೆದದ್ದು ಆ ಸಂಸ್ಥೆ.